ಮೂರನೇ ಎಲೆ

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇದರಲ್ಲಿನ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೈಸ್ಕೂಲಿನಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಡೈರಿ ಎಷ್ಟೆಲ್ಲವನ್ನು ಬಿಟ್ಟುಬಿಡುತ್ತದೆ ಎನ್ನುವುದು ಆ ಅಭ್ಯಾಸ ಇದ್ದವರಿಗೇ ಗೊತ್ತು. ನಾನೇ ಕಣ್ಣಾರೆ ನೋಡಿದ್ದು ಅಂದುಕೊಂಡಿದ್ದ ಎಷ್ಟೋ ಸಂಗತಿಗಳು ಬೇರೆ ಯಾರೋ ಹೇಳಿದ್ದು ಎಂದು ಹಳೆಯ ಪುಟ ತಿರುವಿದಾಗ ಗೊತ್ತಾಗಿ ಪೆಚ್ಚಾಗಿದ್ದೇನೆ. ಈ ಸಂಜೆಯ ಬಗ್ಗೆ ನಾನು ಬರೆದುಕೊಂಡಿದ್ದು, 'ಭದ್ರಾವತಿ. ಹಬ್ಬ. ಬೇಗ ವಾಪಸ್ ಬಂದೆ' ಎಂದಷ್ಟೇ. ಉಳಿದದ್ದೆಲ್ಲ ತಲೆಯಲ್ಲಿ ಉಳಿದದ್ದು. ಅದನ್ನು ಎಷ್ಟು ನಂಬಬಹುದೋ ಅಷ್ಟೇ ನಂಬಿ.

ದೆವ್ವ, ಗಾಳಿ, ಸೋಕು ಇಂಥವನ್ನು ನಾನು ನಂಬುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಒಬ್ಬರನ್ನೊಬ್ಬರು ಹೆದರಿಸಿಕೊಂಡು ಒಂದೇ ಮಂಚದಲ್ಲಿ ಮೂರು ಜನ ಮಲಗುತ್ತಿದ್ದಾಗ ನಕ್ಕವಳು ನಾನು. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ 'ಅದೆಲ್ಲ ಏನಿಲ್ಲ' ಎಂದು ಹೇಳುವಾಗ ನನ್ನ ದನಿಯಲ್ಲಿ ಮೊದಲಿನ ಗಟ್ಟಿತನ ಇರುವುದಿಲ್ಲ.

ಈಗ ಬರೆಯಲು ಕಾರಣ ಅಣ್ಣನ ಮಗಳು ಸ್ಫೂರ್ತಿ. ಅವಳಿಗೆ ಶಿವಮೊಗ್ಗದಲ್ಲಿ ಸೀಟು ಸಿಕ್ಕಿದೆ. ನಮ್ಮದು ಹಿರಿಯೂರು ಕಡೆ. ಅವಳು ಊರು ಬಿಟ್ಟು ಇರುವುದು ಇದೇ ಮೊದಲು. 'ಅತ್ತೆ, ನೀನು ಅಲ್ಲೇ ಓದಿದ್ದಲ್ವಾ? ಅಲ್ಲಿ ಇರೋದು ಹೇಗಿರುತ್ತೆ ಅಂತ ಬರ್ದು ಕಳ್ಸು, ಪ್ಲೀಸ್. ಅಪ್ಪನ್ನ ಕೇಳಿದ್ರೆ ಬರೀ ಸೊಳ್ಳೆ ಬಗ್ಗೆ ಹೇಳ್ತಾರೆ' ಎಂದು ಮೆಸೇಜು ಮಾಡಿದ್ದಳು.

ನಾನು ಉದ್ದಕ್ಕೇ ಬರೆದು ಕಳಿಸಿದೆ. ಸವಳಂಗ ರಸ್ತೆಯ ಆಸುಪಾಸಿನಲ್ಲಿ ರೂಮು ಹುಡುಕಿದರೆ ಬಾಡಿಗೆಗಿಂತ ಮೊದಲು ಜಾತಿ ಕೇಳುತ್ತಾರೆ, ಸಿಟ್ಟು ಮಾಡಿಕೊಳ್ಳದೆ ಮುಂದಿನ ಮನೆಗೆ ಹೋಗು. ಗೋಪಾಳದಲ್ಲಿ ಬಾಡಿಗೆ ಕಡಿಮೆ, ಆದರೆ ಸಂಜೆ ಸಿಟಿ ಬಸ್ಸಿಗೆ ಕಾದು ಕಾಲು ಸೋಲುತ್ತದೆ. ವಿನೋಬನಗರದ ಓನರ್ ಆಂಟಿಯರು ಗೇಟು ಬೇಗ ಹಾಕುತ್ತಾರೆ, ಹುಷಾರಿಲ್ಲದಾಗ ಗಂಜಿ ಮಾಡಿ ಮೇಲಕ್ಕೆ ತಂದುಕೊಡುವವರೂ ಅವರೇ. ಬಟ್ಟೆ ಒಣಗಲ್ಲ, ಹೆಚ್ಚಿಗೆ ಒಂದು ಜೊತೆ ಇಟ್ಟುಕೋ. ಮೆಸ್ಸಿನಲ್ಲಿ ಭಾನುವಾರ ಮಧ್ಯಾಹ್ನ ಸ್ಪೆಷಲ್ ಊಟ ಹಾಕಿ ರಾತ್ರಿ ಬಾಗಿಲು ಮುಚ್ಚುತ್ತಾರೆ, ಆ ರಾತ್ರಿಯ ಹಸಿವು ಇಡೀ ವಾರದ ಹಸಿವಿಗಿಂತ ದೊಡ್ಡದು. ದಸರಾ ರಜೆ ಬಂತೆಂದರೆ ಎಲ್ಲರೂ ಊರಿಗೆ ಹೋಗಿ ಬೀದಿಗೆ ಬೀದಿಯೇ ಖಾಲಿಯಾಗುತ್ತದೆ. ಆಗ ಒಬ್ಬಳೇ ರೂಮಿನಲ್ಲಿ ಉಳಿಯಬೇಡ.

ಇದನ್ನೆಲ್ಲ ಓದಿ ಅವಳು ಕೇಳಿದ್ದು ಒಂದೇ. 'ಭಾನುವಾರ ರಾತ್ರಿ ನೀನೇನು ಮಾಡ್ತಿದ್ದೆ?'

ಭಾನುವಾರ ನಾನು ಭದ್ರಾವತಿಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಅವಳಿಗೂ ಅದೇ ಬೇಕಿತ್ತು. 'ಹಾಗಾದ್ರೆ ನಾನೂ ಹೋಗ್ಬಹುದಲ್ಲ?' ಎಂದು ಬರೆದಳು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಕಾಲೇಜು ಶುರುವಾಗಲು ಹೆಚ್ಚು ದಿನವಿಲ್ಲ.

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಚಿಕ್ಕಪ್ಪ ಕಾರ್ಖಾನೆಯಲ್ಲಿದ್ದವರು. ನಾನು ಎಂ.ಎ. ಓದುವ ಹೊತ್ತಿಗೆ ನಿವೃತ್ತರಾಗಿ ಸ್ವಂತ ಮನೆ ಕಟ್ಟಿಸಿಕೊಂಡಿದ್ದರು. ಅವರಿಗೆ ಮಕ್ಕಳಿಲ್ಲ. ಹಾಗೆಂದು ಮನೆ ಬಿಕೋ ಎನ್ನುತ್ತಿತ್ತು ಎಂದುಕೊಳ್ಳಬೇಡಿ. ಪಕ್ಕದ ಮನೆಯವರು ತಮಿಳಿನಲ್ಲಿ, ಎದುರು ಮನೆಯವರು ತೆಲುಗಿನಲ್ಲಿ, ಚಿಕ್ಕಮ್ಮ ಮೂರನ್ನೂ ಕಲಸಿ ಕಾಂಪೌಂಡಿನ ಮೇಲಿಂದಲೇ ಇಡೀ ದಿನ ಮಾತಾಡುತ್ತಿದ್ದರು. ಚಿಕ್ಕಪ್ಪ ನಡುಮನೆಯಲ್ಲಿ ಕೂತು ಟಿ.ವಿ.ಯ ಜೊತೆ ಜಗಳವಾಡುತ್ತಿದ್ದರು. ನಾನು ವಾರದ ಬಟ್ಟೆಯ ಗಂಟು ಹೊತ್ತು ಬಸ್ಸಿಳಿದು ಹೋದರೆ, 'ಬಂದ್ಲು ನೋಡಿ ಶಿವಮೊಗ್ಗದ ಅಗಸಗಿತ್ತಿ' ಎನ್ನುತ್ತಿದ್ದರು ಚಿಕ್ಕಮ್ಮ.

ಆ ಮನೆಯಲ್ಲಿ ಭಾನುವಾರದ ಊಟ ಎಲೆಯ ಮೇಲೆ. ಹಿತ್ತಲಲ್ಲಿ ಬಾಳೆ ಇತ್ತು. ಚಿಕ್ಕಮ್ಮ ಮೂರು ಎಲೆ ಹಾಕುವರು, ಚಿಕ್ಕಪ್ಪನದು, ತಮ್ಮದು, ಕೊನೆಯಲ್ಲಿ ನನ್ನದು. ನನ್ನದೊಂದು ವಿಚಿತ್ರ ಚಾಳಿ. ಹೋಳಿಗೆಗೆ ಎಲ್ಲರೂ ತುಪ್ಪ ಹಾಕಿಕೊಂಡರೆ ನನಗೆ ಬಿಸಿ ಹಾಲು ಬೇಕು. ಹಾಗಾಗಿ ಹೋಳಿಗೆ ಮಾಡಿದ ದಿನ ಮೂರನೇ ಎಲೆಯ ಮಗ್ಗುಲಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಇರುತ್ತಿತ್ತು. ಚಿಕ್ಕಮ್ಮನ ಕೈಗೆ ಅದು ರೂಢಿಯಾಗಿಹೋಗಿತ್ತು.

ಎರಡನೇ ವರ್ಷದ ದಸರಾ ರಜೆ. ಆಗ ನಾನು ಹಾಸ್ಟೆಲ್ ಬಿಟ್ಟು ವಿನೋಬನಗರದ ಒಂದು ಮಹಡಿ ಮೇಲಿನ ರೂಮಿನಲ್ಲಿದ್ದೆ. ಜೊತೆಯಲ್ಲಿದ್ದ ಶಿಲ್ಪಾ ಸಾಗರಕ್ಕೆ ಹೋಗಿಯಾಗಿತ್ತು. ನನಗೆ ಬರೆದು ಮುಗಿಸಬೇಕಾದ ಪ್ರಬಂಧವಿತ್ತು, ಉಳಿದುಕೊಂಡೆ. ಮೆಸ್ಸು ಮುಚ್ಚಿತ್ತು. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಚಿಕ್ಕಮ್ಮ ಫೋನು ಮಾಡಿ, 'ಅದೇನು ಒಬ್ಳೇ ಬ್ರೆಡ್ ತಿಂದ್ಕೊಂಡು ಕೂತಿದೀಯ ಮಾರಾಯ್ತಿ? ಹಿರಿಯರ ಹಬ್ಬ ಇವತ್ತು. ಬಾ, ಹೂರಣ ರುಬ್ಬೋಕೆ ಕೈ ಬೇಕು' ಎಂದರು.

ಈ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಮನೆಗಳಲ್ಲಿ ಆ ದಿನ ತೀರಿಹೋದವರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ಆಮೇಲೆ ಮನೆಯ ಯಜಮಾನ ಗಂಟಲು ಸರಿಮಾಡಿಕೊಂಡು ಬಾಗಿಲು ತಟ್ಟಿ ತೆಗೆಯುತ್ತಾನೆ. ಸದ್ದು ಮಾಡದೆ ತೆಗೆದರೆ ಹೊರಡಲು ಅವರಿಗೆ ಪುರಸೊತ್ತು ಸಿಗುವುದಿಲ್ಲವಂತೆ. ಅದಾದ ಮೇಲೆ ಆ ಅಡುಗೆಯನ್ನೇ ಮನೆಮಂದಿ ಉಣ್ಣುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ. ನನಗದು ಬಾಗಿಲಾಚೆ ಹೋಳಿಗೆ ಇಟ್ಟುಕೊಂಡು ಮಕ್ಕಳನ್ನು ಕಾಯಿಸುವ ಹಬ್ಬ, ಅಷ್ಟೇ.

ಮಧ್ಯಾಹ್ನವೆಲ್ಲ ಹೂರಣ ರುಬ್ಬಿದೆ. ಬೆಳಿಗ್ಗೆ ಎರಡು ತುಂಡು ಬ್ರೆಡ್ ತಿಂದದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎಡೆಗೆ ಮೊದಲು ತಿನ್ನುವ ಹಾಗಿಲ್ಲ. ಒಂದು ಉಂಡೆ ಬಾಯಿಗೆ ಹಾಕಿಕೊಳ್ಳಲು ಹೋಗಿ ಕೈ ಮೇಲೆ ಏಟು ತಿಂದೆ. ಈ ಹಸಿವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎಡೆ ಇಡುವುದು ಚಿಕ್ಕಪ್ಪನ ಅಪ್ಪ ಅಮ್ಮನಿಗೆ. ಎರಡು ಎಲೆ. ಅಪ್ಪನ ಎಲೆಯ ಪಕ್ಕ ಒಂದು ಕಟ್ಟು ಬೀಡಿಯನ್ನೂ ಇಟ್ಟರು ಚಿಕ್ಕಮ್ಮ. 'ಅವ್ರು ಬದುಕಿರೋವರ್ಗೂ ಬೀಡಿ ಬಿಡ್ಸೋಕೆ ಹೊಡೆದಾಡಿದ್ದು ನಾನೇ, ಈಗ ಅಂಗಡಿಗೆ ಹೋಗಿ ತರೋದೂ ನಾನೇ' ಎಂದು ಗೊಣಗಿದರು. 'ಬೆಂಕಿಪೊಟ್ಣ ಇಟ್ಯೇನೆ?' ಎಂದು ಚಿಕ್ಕಪ್ಪ ನಡುಮನೆಯಿಂದಲೇ ಕೇಳಿದರು. 'ಅಲ್ಲಿ ಅವರಿಗೆ ಬೆಂಕಿಗೇನು ಬರ ಬಿಡಿ' ಎಂದರು ಚಿಕ್ಕಮ್ಮ. ಮೂವರೂ ನಕ್ಕೆವು. ಆ ನಗು ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಸಂಜೆ ನಾವು ನಕ್ಕಿದ್ದು ಅದೇ ಕೊನೆ.

ಎಲೆ ಹಾಕಿದ್ದು ಒಳಕೋಣೆಯಲ್ಲಿ. ಅದಕ್ಕೆ ನಡುಮನೆಗೆ ತೆರೆಯುವ ಒಂದೇ ಬಾಗಿಲು, ಹಿತ್ತಲ ಕಡೆಗೆ ಒಂದು ಕಿಟಕಿ. ಸೊಳ್ಳೆಯ ಕಾಟಕ್ಕೆ ಕಿಟಕಿಗೆ ಜಾಲರಿ ಹೊಡೆಸಿದ್ದರು, ರೆಕ್ಕೆಯನ್ನೂ ಮುಚ್ಚಿದ್ದರು. ಚಿಕ್ಕಮ್ಮ ಬಗ್ಗಿಕೊಂಡು ಸರಸರ ಬಡಿಸುತ್ತ ಹೋದರು. ನಾನು ಹಿಂದಿನಿಂದ ಕೋಸಂಬರಿಯ ಪಾತ್ರೆ ಹಿಡಿದುಕೊಂಡು ಬಂದವಳು ನೋಡುತ್ತೇನೆ, ಮೂರು ಎಲೆ.

'ಚಿಕ್ಕಮ್ಮ, ಮೂರು ಹಾಕಿದೀಯಲ್ಲ!'

ಅವರು ನೆಟ್ಟಗಾಗಿ ನೋಡಿದರು. ಮೂರನೇ ಎಲೆಗೂ ಉಪ್ಪಿನಿಂದ ಹೋಳಿಗೆಯವರೆಗೆ ಎಲ್ಲ ಬಡಿಸಿಯಾಗಿತ್ತು. ಮಗ್ಗುಲಲ್ಲಿ ಸ್ಟೀಲ್ ಲೋಟ, ಅದರಲ್ಲಿ ಹಾಲು.

'ಅಯ್ಯೋ ಶಿವನೇ! ಭಾನುವಾರದ ಅಭ್ಯಾಸ ಕಣೆ. ಕೈ ತನ್ನಷ್ಟಕ್ಕೆ ತಾನೇ ಬಡಿಸ್ಬಿಡ್ತು' ಎಂದು ಎಲೆಯ ತುದಿಗೆ ಕೈ ಹಾಕಿದರು.

ಅಷ್ಟರಲ್ಲಿ ಚಿಕ್ಕಪ್ಪ ಬಾಗಿಲಿಗೆ ಬಂದಿದ್ದರು. 'ಎತ್ಬೇಡ. ಎಡೆಗೆ ಬಡಿಸಿದ ಎಲೆ ಎತ್ಬಾರ್ದು. ಇರ್ಲಿ ಬಿಡು. ನಮಗೆ ಹೆಸರು ಗೊತ್ತಿಲ್ಲದೋರು ಎಷ್ಟೋ ಜನ ಇರ್ತಾರೆ ಮನೆತನದಲ್ಲಿ.'

'ಹಾಲು ಇಟ್ಟಿದೀನಲ್ರೀ' ಎಂದರು ಚಿಕ್ಕಮ್ಮ ಸಣ್ಣ ದನಿಯಲ್ಲಿ. ಅದರರ್ಥ ಆ ಕೋಣೆಯಲ್ಲಿದ್ದ ಮೂವರಿಗೂ ಆಯಿತು. ಅದು ಹೆಸರಿಲ್ಲದವರ ಎಲೆಯಲ್ಲ.

ಚಿಕ್ಕಪ್ಪ ನನ್ನ ಕಡೆ ನೋಡಿ, 'ಇವಳೇನು ಹೆದರೋಳಲ್ಲ, ಎಂ.ಎ. ಓದ್ತಿದಾಳೆ' ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ನಿಜಕ್ಕೂ ಆಗ ನನಗೆ ಏನೂ ಅನ್ನಿಸಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಮನಸ್ಸೆಲ್ಲ ಹೋಳಿಗೆಯ ಮೇಲಿತ್ತು.

ಬಾಗಿಲು ಎಳೆದುಕೊಂಡು ನಡುಮನೆಯಲ್ಲಿ ಕೂತೆವು. ಚಿಕ್ಕಪ್ಪ ಕುರ್ಚಿಯಲ್ಲಿ, ಚಿಕ್ಕಮ್ಮ ಬಾಗಿಲ ಬಳಿ ನೆಲದ ಮೇಲೆ, ನಾನು ಎದುರು ಗೋಡೆಗೆ ಒರಗಿಕೊಂಡು. ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯಲ್ಲಿ ತಾಯಿ ಮಗನನ್ನು ತಮಿಳಿನಲ್ಲಿ ಬೈಯುತ್ತಿದ್ದಳು. ಬಾಗಿಲ ಕೆಳಗಿನ ಸಂದಿಯಿಂದ ಧೂಪದ ವಾಸನೆ ಬರುತ್ತಿತ್ತು. ಹಸಿದ ಹೊಟ್ಟೆ, ಮಧ್ಯಾಹ್ನದ ದಣಿವು. ನಾನು ಕಣ್ಣು ಮುಚ್ಚಿದ್ದು ನೆನಪಿದೆ. ತೆರೆದದ್ದು ನೆನಪಿಲ್ಲ. ಈ ಬರಹದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ ಎರಡು ವಾಕ್ಯ.

ಆಮೇಲೆ ನೆನಪಿರುವುದು ಒಂದು ಸದ್ದು. ಸ್ಟೀಲ್ ಲೋಟವನ್ನು ಸಿಮೆಂಟು ನೆಲದ ಮೇಲೆ ಇಟ್ಟರೆ ಬರುತ್ತದಲ್ಲ, ಆ ಸದ್ದು. ಬಿದ್ದದ್ದಲ್ಲ. ಬಿದ್ದಿದ್ದರೆ ಉರುಳುತ್ತಿತ್ತು, ಹಾಲು ಚೆಲ್ಲುತ್ತಿತ್ತು. ಯಾರೋ ಕುಡಿದು ಇಟ್ಟ ಸದ್ದು. ನಾನು ಚಿಕ್ಕಮ್ಮನನ್ನು ನೋಡಿದೆ. ಚಿಕ್ಕಮ್ಮ ಬಾಗಿಲನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನೋಡುತ್ತಿದ್ದರೋ.

ಚಿಕ್ಕಪ್ಪ ಎದ್ದರು. ಗಂಟಲು ಸರಿಮಾಡಿಕೊಂಡರು. ಎರಡನೇ ಸಲವೂ ಸರಿಮಾಡಿಕೊಂಡರು. ಬಾಗಿಲು ತಟ್ಟಿದವರು ಕೂಡಲೇ ತೆಗೆಯಲಿಲ್ಲ, ಚಿಲಕದ ಮೇಲೆ ಕೈಯಿಟ್ಟು ನಿಂತರು. ಜಗಳಗಂಟ ಮನುಷ್ಯ ಅವರು, ಟಿ.ವಿ.ಯಲ್ಲಿ ಮಂತ್ರಿಗಳು ಬಂದರೆ ಎದ್ದು ನಿಂತು ಬೈಯುವವರು. ಆಮೇಲೆ ಇನ್ನೊಮ್ಮೆ ತಟ್ಟಿದರು.

ಬಾಗಿಲು ತೆರೆದಾಗ ದೀಪ ಹಾಗೇ ಉರಿಯುತ್ತಿತ್ತು. ಮೊದಲ ಎರಡು ಎಲೆ ಬಡಿಸಿದಂತೆಯೇ ಇದ್ದವು, ಬೀಡಿಯ ಕಟ್ಟೂ ಅಲ್ಲೇ ಇತ್ತು. ಮೂರನೇ ಎಲೆ ಮಡಚಿತ್ತು.

ಉಂಡವರು ಏಳುವ ಮುನ್ನ ಎಲೆ ಮಡಚುತ್ತಾರೆ. ನಮ್ಮ ಕಡೆ ಮದುವೆ ಮುಂಜಿಯ ಊಟದಲ್ಲಿ ಆಚೆಯ ಅಂಚನ್ನು ಎತ್ತಿ ತಮ್ಮ ಕಡೆಗೆ ಮಡಚುವುದು, ಸಾವಿನ ಮನೆಯ ಊಟದಲ್ಲಿ ಈಚೆಯ ಅಂಚನ್ನು ಎತ್ತಿ ಆಚೆಗೆ ಮಡಚುವುದು. ಇದು ಆಚೆಗೆ ಮಡಚಿತ್ತು. ಲೋಟ ಎಲೆಯ ಬಲಕ್ಕೆ ಸರಿದಿತ್ತು, ಖಾಲಿ.

ಇಷ್ಟನ್ನು ನಾನು ನೋಡಿದ್ದು ಒಂದು ಕ್ಷಣ. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕಣ್ಣಿಗೆ ಕೈ ಅಡ್ಡ ಇಟ್ಟು, ಹೊಸಲಿನಿಂದ ಹಿಂದಕ್ಕೆ ತಳ್ಳಿದರು. 'ಒಳಗೆ ಕಾಲಿಡ್ಬೇಡ. ಬ್ಯಾಗ್ ತಗೋ. ಈಗ್ಲೇ ಹೊರಡು.'

'ಊಟ?' ಎಂದೆ. ನಗಬೇಡಿ. ನಿಜವಾಗಿಯೂ ಹಾಗೇ ಕೇಳಿದೆ.

'ಇವತ್ತು ಈ ಮನೇಲಿ ನೀನು ಒಂದು ಅಗುಳೂ ತಿನ್ಬಾರ್ದು. ರೀ, ಸ್ಕೂಟರ್ ತೆಗೀರಿ.'

ಚಿಕ್ಕಪ್ಪ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಶಿವಮೊಗ್ಗದ ಬಸ್ಸು ಹೊರಡಲು ನಿಂತಿತ್ತು. ನಾನು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಕೆಳಗಿನಿಂದ ಕಂಬಿ ಹಿಡಿದುಕೊಂಡು ಹೇಳಿದರು. 'ನೋಡು ಮಗಳೇ, ಇವತ್ತು ರಾತ್ರಿ ಯಾರಾದ್ರೂ ಊಟ ಆಯ್ತಾ ಅಂತ ಕೇಳಿದ್ರೆ, ಇಲ್ಲ ಅನ್ನು. ತಿಳೀತಾ? ಯಾರೇ ಕೇಳ್ಲಿ. ಆಗಿಲ್ಲ ಅನ್ನು.'

ಯಾಕೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು.

ನಿಮಗೆ ಗೊತ್ತು, ನಮ್ಮ ಕಡೆ ಇದೆಂಥ ಕಷ್ಟದ ಮಾತು ಎಂದು. ಸಂಜೆಯ ಮೇಲೆ ಎದುರು ಸಿಕ್ಕವರೆಲ್ಲ ಕೇಳುವುದು ಅದೊಂದನ್ನೇ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಹೇಳುವವರು ಯೋಚಿಸುವುದಿಲ್ಲ. ಆಯ್ತು, ನಿಮ್ದಾಯ್ತಾ? ಮುಗಿಯಿತು. ನಾನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಇಲ್ಲ, ಆಗಿಲ್ಲ, ಇಲ್ಲ ಎಂದು ಹೇಳಿಕೊಂಡೆ. ಹೇಳಿಕೊಳ್ಳುತ್ತ ನನ್ನ ಬಗ್ಗೆಯೇ ನಾಚಿಕೆಯೂ ಆಯಿತು. ಇಲಿ ಇರಬಹುದು. ಬಿಸಿ ಅನ್ನಕ್ಕೆ ಎಳೆ ಎಲೆ ಬಾಡಿ ಮುದುಡಿರಬಹುದು. ಆದರೆ ಇಲಿ ಹಾಲು ಕುಡಿದು ಲೋಟವನ್ನು ನೆಟ್ಟಗೆ ಇಡುತ್ತದೆಯೇ? ಚಿಕ್ಕಮ್ಮ ಗಡಿಬಿಡಿಯಲ್ಲಿ ಲೋಟಕ್ಕೆ ಹಾಲು ಹಾಕಿಯೇ ಇರಲಿಲ್ಲವೇನೋ. ಹಾಲು ನೋಡಿದೆ ಅನ್ನುವುದು ನನ್ನ ಅಭ್ಯಾಸದ ಕಣ್ಣಿರಬಹುದು. ಪಕ್ಕದಲ್ಲಿ ಕೂತ ಹೆಂಗಸು, 'ಶಿವಮೊಗ್ಗಕ್ಕಾ?' ಎಂದಷ್ಟೇ ಕೇಳಿದಳು. ನಾನು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿಕೊಂಡೆ, ಮುಂದಿನ ಪ್ರಶ್ನೆಯ ಹೆದರಿಕೆಗೆ.

ವಿನೋಬನಗರದ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ನಮ್ಮ ಓನರ್ ಆಂಟಿ ಗೇಟಿನ ಬಳಿಯೇ ನಿಂತಿದ್ದರು, ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು. ಒಳ್ಳೆಯ ಹೆಂಗಸು. ಆ ಹೊತ್ತಿನಲ್ಲಿ ಒಬ್ಬ ಪರಿಚಿತರ ಮುಖ ಕಂಡು ನನಗೆ ಅಳು ಬರುವಷ್ಟು ನೆಮ್ಮದಿಯಾಯಿತು.

'ಬಂದ್ಯಾ? ಈಗ ತಾನೇ ಗೇಟ್ ಹಾಕೋಣ ಅಂತಿದ್ದೆ. ಊಟ ಆಯ್ತಾ?'

'ಆಯ್ತು ಆಂಟಿ' ಎಂದೆ.

ಬಾಯಿಂದ ಹೊರಟೇ ಹೋಯಿತು. ಮೆಟ್ಟಿಲು ಹತ್ತುವಾಗ ಗೊತ್ತಾಯಿತು, ಏನು ಹೇಳಿಬಿಟ್ಟೆ ಎಂದು. ಆ ಎಲೆಯಲ್ಲಿ ಉಂಡವಳು ನಾನೇ ಎಂದು ಒಪ್ಪಿಕೊಂಡ ಹಾಗಾಗಿತ್ತು. ಹಿಂದಿರುಗಿ 'ಇಲ್ಲ ಆಂಟಿ, ಆಗಿಲ್ಲ' ಎನ್ನಲು ನೋಡಿದರೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಮೆಟ್ಟಿಲ ಮೇಲೆ ನಿಂತಲ್ಲೇ ಇನ್ನೊಂದು ಗಮನಕ್ಕೆ ಬಂತು. ನನಗೆ ಹಸಿವಿರಲಿಲ್ಲ. ಹೆದರಿಕೆಗೆ ಹಸಿವು ಸಾಯುತ್ತದೆ, ಅದು ಎಲ್ಲರಿಗೂ ಗೊತ್ತು. ಇದು ಅದಲ್ಲ. ಹೊಟ್ಟೆ ತುಂಬಿತ್ತು. ಹಬ್ಬದ ಊಟ ಮಾಡಿ ಎದ್ದಾಗ ಇರುತ್ತದಲ್ಲ, ಉಸಿರು ಮೇಲಕ್ಕೆ ಸಿಕ್ಕಿಕೊಳ್ಳುವಂಥ ಭಾರ, ಅದು. ಬಾಯಲ್ಲಿ ಸಿಹಿ. ಬಲಗೈ ಮೂಸಿದೆ, ಏಲಕ್ಕಿ. ಮಧ್ಯಾಹ್ನವೆಲ್ಲ ಹೂರಣ ರುಬ್ಬಿದ ಕೈಗೆ ಏಲಕ್ಕಿ ವಾಸನೆ ಇದ್ದೇ ಇರುತ್ತದೆ ಎಂದು ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಖಾಲಿ ಮಹಡಿಯಲ್ಲಿ ನನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು.

ರೂಮಿಗೆ ಹೋಗಿ ಲೈಟು ಹಾಕಿ ಚಿಕ್ಕಪ್ಪನಿಗೆ ಫೋನು ಮಾಡಿದೆ. ತಲುಪಿದೆ ಎಂದೆ. ಅವರು ಬೇರೇನೂ ಕೇಳಲಿಲ್ಲ. ಫೋನಿಡುವ ಮುಂಚೆ ನಾನೇ ಕೇಳಿದೆ. 'ಚಿಕ್ಕಪ್ಪ, ನಾನು ಹೊರಗೆ ಕೂತಿದ್ದಾಗ ಎದ್ದು ಎಲ್ಲಾದ್ರೂ ಹೋದ್ನಾ?'

ಅವರು ಹೇಳಿದರು, 'ಇಲ್ಲ ಮಗಳೇ. ನೀನು ಕೂತ ಜಾಗ ಬಿಟ್ಟು ಏಳ್ಲಿಲ್ಲ. ಕಣ್ಣು ಮಾತ್ರ ಮುಚ್ಕೊಂಡಿದ್ದೆ.' ಆಮೇಲೆ ಇನ್ನೊಂದು ಮಾತು ಸೇರಿಸಿದರು. ಅದನ್ನು ಅವರು ಹೇಳಿದರೋ, ನಾನು ಕಲ್ಪಿಸಿಕೊಂಡು ಇಷ್ಟು ವರ್ಷದಲ್ಲಿ ಗಟ್ಟಿ ಮಾಡಿಕೊಂಡೆನೋ, ಆಣೆ ಮಾಡಿ ಹೇಳಲಾರೆ. 'ಬಾಯಿ ಆಡಿಸ್ತಾ ಇದ್ದೆ' ಎಂದರು.

ಆ ರಾತ್ರಿ ನನಗೇನೋ ಆಗುತ್ತದೆ ಎಂದೇ ಇದ್ದೆ. ಏನೂ ಆಗಲಿಲ್ಲ. ಮಾರನೇ ದಿನ ಹಾಲಿನವನ ಗಂಟೆಗೆ ಎದ್ದೆ, ಬೀದಿಯಲ್ಲಿ ದಸರೆಯ ಮೊದಲ ದಿನದ ರಂಗೋಲಿಗಳಿದ್ದವು. ಜ್ವರವಿಲ್ಲ, ಮೈಕೈ ನೋವಿಲ್ಲ. ಪ್ರಬಂಧ ಬರೆದು ಮುಗಿಸಿದೆ, ಪಾಸಾದೆ, ಕೆಲಸ ಸಿಕ್ಕಿತು, ಮದುವೆಯಾಯಿತು. ಇದನ್ನು ಬರೆಯುತ್ತಿದ್ದೇನೆ ಎಂದರೆ ಬದುಕಿದ್ದೇನೆ. ಇಷ್ಟು ಸಾಕಲ್ಲ, ಮರೆತುಬಿಡಲು?

ಮುಂದೆ ಎಷ್ಟೋ ಭಾನುವಾರ ಭದ್ರಾವತಿಗೆ ಹೋದೆ. ಆದರೆ ಚಿಕ್ಕಮ್ಮ ಮತ್ತೆ ನನಗೆ ಎಲೆ ಹಾಕಲಿಲ್ಲ. ಅವರಿಬ್ಬರಿಗೆ ಎಲೆ, ನನಗೆ ಸ್ಟೀಲ್ ತಟ್ಟೆ. 'ನಾನೇನು ಮಡಿ ಕೆಟ್ಟೋಳಾ?' ಎಂದು ಒಮ್ಮೆ ತಮಾಷೆ ಮಾಡಿದೆ. 'ತಟ್ಟೆ ಮಡಚೋಕಾಗಲ್ಲ ಕಣೆ' ಎಂದರು. ಅವರು ತಮಾಷೆ ಮಾಡಿರಲಿಲ್ಲ.

ನನಗಿದ್ದ ಒಂದೇ ಬುದ್ಧಿವಂತಿಕೆಯ ವಿವರಣೆಯನ್ನು ಅಮ್ಮನ ಹತ್ತಿರ ಪರೀಕ್ಷೆ ಮಾಡಿದೆ. ಚಿಕ್ಕಮ್ಮನಿಗೆ ಯಾವುದೋ ಮಗು ಹುಟ್ಟಿ ತೀರಿಹೋಗಿತ್ತಾ, ಆ ಎಲೆ ಗೊತ್ತಿದ್ದೇ ಹಾಕಿದ್ದಾ ಎಂದು. ಅಮ್ಮ, 'ಅವಳಿಗೆ ಒಂದು ದಿನಾನೂ ಮುಟ್ಟು ನಿಲ್ಲಲಿಲ್ಲ, ಪಾಪ. ಇಲ್ಲದ್ದು ಕಟ್ಬೇಡ' ಎಂದು ಗದರಿದರು. ಶಿಲ್ಪಾ ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಾಗ ಅವಳನ್ನೂ ಕೇಳಿದೆ. 'ನೀನು ಆಗ ಎಲೆ ಮುದುಡಿತ್ತು ಅಂತ ಹೇಳಿದ್ದೆ, ಮಡಚಿತ್ತು ಅಂತ ಹೇಳ್ಲಿಲ್ಲ. ಹೋಗ್ಲಿ, ಆ ದಿನ ರಾತ್ರಿ ನಂಗೆ ಮೆಸೇಜ್ ಮಾಡಿದ್ಯಲ್ಲ, ಹೋಳಿಗೆ ಸಿಕ್ಕಾಪಟ್ಟೆ ಆಯ್ತು ಮಾರಾಯ್ತಿ ಅಂತ' ಎಂದಳು. ಅಂಥ ಮೆಸೇಜು ಮಾಡಿದ್ದು ನನಗೆ ನೆನಪಿಲ್ಲ. ಆ ಫೋನೂ ಈಗಿಲ್ಲ.

ಇನ್ನೊಂದು ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಆವತ್ತಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ನನಗೆ ಹೊಟ್ಟೆ ತುಂಬುತ್ತದೆ. ಬೆಳಿಗ್ಗೆಯಿಂದ ಉಪವಾಸವಿದ್ದು ನೋಡಿದ್ದೇನೆ. ಊರು ಬಿಟ್ಟು ದೂರದಲ್ಲಿದ್ದು, ಹಬ್ಬದ ದಿನ ಯಾವಾಗೆಂದು ನೋಡದೆ ಮರೆತಿದ್ದ ವರ್ಷವೂ ಸಂಜೆ ತಟ್ಟೆಯ ಮುಂದೆ ಕೂತು ತುತ್ತು ಇಳಿಯದೆ, ಕ್ಯಾಲೆಂಡರ್ ತೆಗೆದು ನೋಡಿ ಕೈ ತೊಳೆದಿದ್ದೇನೆ. ಮನಸ್ಸಿನ ಆಟ ಎಂದು ಇಟ್ಟುಕೊಂಡಿದ್ದೆ. ಮನಸ್ಸಿಗೆ ಮರೆತ ತಿಥಿಯೂ ಗೊತ್ತಿರುತ್ತದೆ ಎಂದು ಎಲ್ಲೋ ಓದಿದ್ದೆ ಕೂಡ.

ಹಾಗೆಯೇ ಇಟ್ಟುಕೊಂಡು ಹೋಗಬಹುದಿತ್ತು. ಸ್ಫೂರ್ತಿಯ ಭಾನುವಾರದ ಊಟದ ಮಾತಾಡಲು ಮೊನ್ನೆ ಚಿಕ್ಕಮ್ಮನಿಗೆ ಫೋನು ಮಾಡಿದೆ. ದನಿ ಮೊದಲಿನಷ್ಟೇ ಗಟ್ಟಿ. ಕಾಂಪೌಂಡಿನಾಚೆ ಯಾರಿಗೋ ತಮಿಳಿನಲ್ಲಿ ಏನೋ ಹೇಳಿ ನನ್ನ ಕಡೆ ಬಂದರು.

'ಅದನ್ನ ಕೇಳ್ಬೇಕೇನೆ? ಕಳ್ಸು ಅವಳನ್ನ. ಬಟ್ಟೆ ಗಂಟೂ ತರ್ಲಿ, ವಾಷಿಂಗ್ ಮೆಷಿನ್ ತಗೊಂಡಿದೀವಿ ಈಗ. ಹಬ್ಬಕ್ಕೂ ಬರ್ಲಿ. ನಂಗೂ ಕೈ ಸಾಗಲ್ಲ, ಮೂರು ಎಲೆಗೆ ಹೋಳಿಗೆ ಮಾಡೋಷ್ಟರಲ್ಲಿ ಸೊಂಟ ಬಿದ್ಹೋಗುತ್ತೆ.'

ಯಾವ ಹಬ್ಬ ಎಂದು ಕೇಳುವ ಅಗತ್ಯ ಇರಲಿಲ್ಲ. ಆದರೂ ಕೇಳಿದೆ.

'ಹಿರಿಯರ ಹಬ್ಬ, ಇನ್ಯಾವ್ದು?'

'ಮೂರು ಎಲೆನಾ?'

ಗೊತ್ತಿರುವ ವಿಷಯವನ್ನು ಮಗುವಿಗೆ ಮತ್ತೆ ಹೇಳುವ ಹಾಗೆ ಹೇಳಿದರು. 'ಒಂದ್ಸಲ ಎಡೆ ಇಟ್ಟ ಎಲೆ ನಿಲ್ಲಿಸ್ಬಾರ್ದು ಅಂತಾರೆ ನಿಮ್ಮ ಚಿಕ್ಕಪ್ಪ. ನಿಲ್ಲಿಸಿದ್ರೆ ಹಸ್ಕೊಂಡು ಹುಡುಕ್ಕೊಂಡು ಹೋಗುತ್ತಂತೆ. ನಿನ್ನ ಒಳ್ಳೇದಕ್ಕೇ ಕಣೆ. ಪ್ರತಿ ವರ್ಷ ತಪ್ಪದೆ ಇಡ್ತೀವಿ.'

ಏನು ಹುಡುಕಿಕೊಂಡು ಹೋಗುತ್ತದೆ, ಯಾರನ್ನು ಎಂದು ಕೇಳಬೇಕಿತ್ತು. ನಾನು ಕೇಳಿದ್ದು ಬೇರೆ.

'ಚಿಕ್ಕಮ್ಮ, ಬಾಗಿಲು ತೆಗೆದಾಗ ಆ ಎಲೆ ಈಗ್ಲೂ ಮಡಚಿರುತ್ತಾ?'

ಹಿಂದೆ ಟಿ.ವಿ.ಯ ಜೊತೆ ಚಿಕ್ಕಪ್ಪನ ಜಗಳ ಕೇಳಿಸುತ್ತಿತ್ತು. ಚಿಕ್ಕಮ್ಮ ಕೇಳಿದರು.

'ಸ್ಫೂರ್ತಿ ಹೋಳಿಗೆಗೆ ಏನು ಹಾಕ್ಕೊಳ್ತಾಳೆ? ತುಪ್ಪನಾ, ಹಾಲಾ?'

ನಾನು ಫೋನಿಟ್ಟೆ. ಸ್ಫೂರ್ತಿ ಈ ವಾರ ಮತ್ತೆ ಎರಡು ಸಲ ಮೆಸೇಜು ಮಾಡಿದ್ದಾಳೆ, ಭಾನುವಾರ ಹೋಗಬಹುದಾ ಎಂದು. ಅವಳಿಗೆ ಉತ್ತರ ಹೇಳಬೇಕಾದರೆ ಆ ಎಲೆ ಈಗಲೂ ಮಡಚಿರುತ್ತದಾ ಎನ್ನುವ ನನ್ನ ಪ್ರಶ್ನೆಗೆ ಉತ್ತರ ಬರಬೇಕು. ನಿನ್ನೆ ಮತ್ತೆ ಭದ್ರಾವತಿಗೆ ಫೋನು ಮಾಡಿ ಅದನ್ನೇ ಕೇಳಿದೆ. ಚಿಕ್ಕಮ್ಮ, 'ಊಟ ಆಯ್ತಾ ನಿಂದು?' ಎಂದರು.